ತಿದ್ದಿದ ಮಣ್ಣು, ತಿದ್ದದ ಪರೀಕ್ಷೆ

ಕಸ ಹೂಳುವ ಹೊಂಡದ ತಳ ಹೇಗಿರಬೇಕು ಎಂಬುದಕ್ಕೆ ಕೇಂದ್ರ ಸರಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಖಚಿತ ಅಳತೆ ಕೊಡಲಾಗಿತ್ತು. ಮೇಲೆ 1.5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆ, ಅದರಡಿ 90 ಸೆಂ.ಮೀ. ಜೇಡಿಮಣ್ಣು ಇಲ್ಲವೆ ತಿದ್ದಿದ ಮಣ್ಣು. ಆ ಮಣ್ಣಿನಲ್ಲಿ ನೀರು ಇಳಿಯುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಪಾಲನ್ನು ಮೀರಬಾರದು. ಅಂತರ್ಜಲ ಅದರ ತಳದಿಂದ ಕನಿಷ್ಠ 2 ಮೀಟರ್ ಕೆಳಗಿರಬೇಕು. 2000ನೇ ಇಸವಿಯ ಹಳೆಯ ನಿಯಮದಲ್ಲೂ ಮಣ್ಣಿಗೆ ಇದೇ ಅಳತೆಯಿತ್ತು. ಈ ಸಾಲಿನಲ್ಲಿ ನನ್ನನ್ನು ಬಹುಕಾಲದಿಂದ ಹಿಡಿದು ನಿಲ್ಲಿಸಿರುವುದು 'ತಿದ್ದಿದ ಮಣ್ಣು' ಎಂಬ ಎರಡು ಪದ. ಸ್ಥಳದಲ್ಲಿ ಸಿಗುವ ಮಣ್ಣು ಅಳತೆಗೆ ಬಾರದಿದ್ದರೆ ಬೆಂಟೊನೈಟ್, ಸುಣ್ಣ, ಹಾರುಬೂದಿಯಂಥದ್ದನ್ನು ಬೆರೆಸಿ ಅಳತೆಗೆ ತನ್ನಿ ಎಂದು ಕಾನೂನೇ ಬಾಗಿಲು ತೆರೆದಿತ್ತು. ಯಾವ ಮಣ್ಣಿನ ಯಾವ ದೋಷವನ್ನು ತಿದ್ದುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಮಾತ್ರ ಅದು ಕೇಳಲಿಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಆ ಪ್ರಶ್ನೆಯನ್ನು ದಾಟಿ ಹೋಗಲು ಆಗುವುದಿಲ್ಲ.

ಮೊದಲು ಆ ಕೋಟಿಯಲ್ಲೊಂದು ಪಾಲಿನ ಲೆಕ್ಕ. ವರ್ಷಕ್ಕೆ ಸುಮಾರು 3.15 ಕೋಟಿ ಸೆಕೆಂಡುಗಳು. ಎಂದರೆ ನಿಯಮಕ್ಕೆ ಸರಿಹೊಂದಿದ ಮಣ್ಣಿನ ಮೂಲಕವೂ ವರ್ಷಕ್ಕೆ ಮೂರು ಸೆಂಟಿಮೀಟರಿನಷ್ಟು ದ್ರವ ಇಳಿದೇ ಇಳಿಯುತ್ತದೆ. ಒಂದು ಹೆಕ್ಟೇರಿನ ಹೊಂಡಕ್ಕೆ ಇದು ವರ್ಷಕ್ಕೆ ಮೂರು ಲಕ್ಷ ಲೀಟರಿಗೂ ಹೆಚ್ಚು. ಮೇಲಿನ ಹಾಳೆ ಹರಿಯದೆ, ಬೆಸುಗೆ ಬಿಡದೆ ಇದ್ದರೆ ಇದರ ಬಹುಪಾಲು ತಡೆಯುತ್ತದೆ. ಆದರೆ ಹಾಳೆಗೆ ತೂತು ಬಿದ್ದ ಕಡೆ ಉಳಿಯುವುದು ಮಣ್ಣೊಂದೇ. ಬಿರುಕು ಬಿಟ್ಟು ಮಣ್ಣಿನ ತಡೆಯುವ ಶಕ್ತಿ ನೂರು ಪಟ್ಟು ಕುಸಿದರೆ ಮೂರು ಲಕ್ಷ ಮೂರು ಕೋಟಿಯಾಗುತ್ತದೆ. ನಾನು ಮುಂದೆ ಹೇಳುವುದೆಲ್ಲ ಈ ನೂರು ಪಟ್ಟಿನ ಸುತ್ತ.

ಈ ನಾಲ್ಕು ಊರುಗಳು ಒಂದೇ ಜಿಲ್ಲೆಯಲ್ಲಿದ್ದರೂ ಇವುಗಳ ನೆಲ ಒಂದಲ್ಲ. ಪೂರ್ವಕ್ಕೆ ಕರಿನೆಲ, ಪಶ್ಚಿಮಕ್ಕೆ ಕೆಂಪುನೆಲ ಎಂದು 1884ರ ಧಾರವಾಡ ಗ್ಯಾಸೆಟಿಯರ್ ಕಾಲದಿಂದಲೂ ದಾಖಲಾಗಿದೆ. ಸವಣೂರಿನ ಕಡೆ ಹೆಚ್ಚಾಗಿ ಎರೆ, ಹತ್ತಿ ಬೆಳೆಯುವ ಕರಿ ಎರೆ. ಹಾನಗಲ್ಲು ಮಲೆನಾಡಿನ ಸೆರಗು, ಭತ್ತದ ಸೀಮೆ. ಕೆಂಪು ಮಣ್ಣು, ಪಶ್ಚಿಮಕ್ಕೆ ಹೋದಂತೆ ಜಂಬಿಟ್ಟಿಗೆಯ ಗುಣ. ಹಿರೇಕೆರೂರಿನಲ್ಲಿ ಮರಳು ಬೆರೆತ ಕೆಂಪು ಮಸಾರಿಯೂ ಉಂಟು, ಎರೆಯೂ ಉಂಟು. ಶಿಗ್ಗಾವಿ ಎರಡರ ನಡುವಿನ ಗಡಿ. ಕೃಷಿ ಹೊಂಡ ತೋಡಿಸಿದ ರೈತನಿಗೆ ಈ ವ್ಯತ್ಯಾಸ ಬಾಯಿಪಾಠ. ಎರೆಯಲ್ಲಿ ತೋಡಿದ ಹೊಂಡ ಹಾಳೆ ಇಲ್ಲದೆಯೂ ನೀರು ಹಿಡಿಯುತ್ತದೆ. ಮಸಾರಿಯಲ್ಲಿ ತೋಡಿದ್ದು ಹಾಳೆ ಹಾಸದಿದ್ದರೆ ಕೆಲವೇ ದಿನಗಳಲ್ಲಿ ಬತ್ತುತ್ತದೆ. ಹಾಗಾದರೆ ಕಸದ ಹೊಂಡಕ್ಕೂ ಎರೆಯೇ ಸರಿ ಎಂದು ಮೊದಲ ನೋಟಕ್ಕೆ ತೋರುತ್ತದೆ. ಈ ತಪ್ಪನ್ನು ಬಿಡಿಸಿ ನೋಡಬೇಕಿದೆ.

ಮಸಾರಿಯಿಂದ ಆರಂಭಿಸುತ್ತೇನೆ, ಅದರ ಕಥೆ ಸರಳ. ಅದರ ದೋಷ ರಂಧ್ರ. ಮರಳಿನ ಕಣಗಳ ನಡುವೆ ಜಾಗವಿದೆ, ತುಂಬುವಷ್ಟು ಜೇಡಿ ಇಲ್ಲ. ಇರುವ ಜೇಡಿಯೂ ಬಹುಮಟ್ಟಿಗೆ ಕೆಯೊಲಿನೈಟ್ ಜಾತಿಯದು, ನೀರು ಕುಡಿದು ಉಬ್ಬುವ ಗುಣ ಅದಕ್ಕಿಲ್ಲ. ಇಂಥ ಮಣ್ಣಿಗೆ ಬೆಂಟೊನೈಟ್ ಬೆರೆಸುವುದು ಜಗತ್ತಿನ ಎಲ್ಲೆಡೆಯ ರೂಢಿ. ಬೆಂಟೊನೈಟಿನ ಮುಖ್ಯ ಅಂಶ ಮಾಂಟ್‌ಮೊರಿಲೊನೈಟ್ ಎಂಬ ಖನಿಜ; ನೀರು ತಾಗಿದೊಡನೆ ಪದರ ಪದರವಾಗಿ ಉಬ್ಬಿ ಕಣಗಳ ನಡುವಿನ ಸಂದುಗಳನ್ನು ಮುಚ್ಚುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ವಿ. ಶಿವಪುಲ್ಲಯ್ಯ, ಎ. ಶ್ರೀಧರನ್ ಮತ್ತು ಸಂಗಡಿಗರು ಬೆಂಟೊನೈಟ್-ಮರಳು ಮಿಶ್ರಣಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಕೆಲಸ ಈ ವಿಷಯದಲ್ಲಿ ನಾನು ಬಹಳ ಗೌರವಿಸುವ ಬರಹಗಳಲ್ಲೊಂದು. ಬೆಂಟೊನೈಟ್ ಕಡಿಮೆ ಇದ್ದಾಗ ಸೋರಿಕೆಯನ್ನು ನಿರ್ಧರಿಸುವುದು ಜೊತೆಗಿರುವ ಒರಟು ಕಣಗಳ ಗಾತ್ರ ಎಂದು ಅದು ತೋರಿಸುತ್ತದೆ. ಎಷ್ಟು ಬೆರೆಸಬೇಕು ಎನ್ನುವುದಕ್ಕೆ ಮುಂಚೆ ಯಾವುದಕ್ಕೆ ಬೆರೆಸುತ್ತಿದ್ದೇವೆ ಎಂದು ಜರಡಿ ಹಿಡಿಯಬೇಕು ಎನ್ನುವ ವಿವೇಕ ಅದರಲ್ಲಿದೆ. ಹಾನಗಲ್ಲಿನ ಮಣ್ಣಿಗೆ ಹಿಡಿಸಿದ ಪ್ರಮಾಣ ಹಿರೇಕೆರೂರಿನ ಮಸಾರಿಗೆ ಹಿಡಿಸಬೇಕೆಂದಿಲ್ಲ.

ಆದರೆ ಈ ಬೆಂಟೊನೈಟ್ ಬರುವುದೆಲ್ಲಿಂದ? ನಮ್ಮ ದೇಶದಲ್ಲಿ ಅದರ ದೊಡ್ಡ ನಿಕ್ಷೇಪಗಳಿರುವುದು ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಬಾಡಮೇರ್ ಕಡೆ. ಒಂದು ಹೆಕ್ಟೇರಿಗೆ 90 ಸೆಂ.ಮೀ. ದಪ್ಪ ಎಂದರೆ 9,000 ಘನ ಮೀಟರ್, ಧಮ್ಮಸ್ಸು ಹೊಡೆದ ಮೇಲೆ ಸುಮಾರು 15,000 ಟನ್ ಮಣ್ಣು. ನೂರಕ್ಕೆ ಹತ್ತರಂತೆ ಬೆರೆಸಿದರೂ 1,500 ಟನ್ ಬೆಂಟೊನೈಟ್. ಇಪ್ಪತ್ತು ಟನ್ನಿನ ಲಾರಿಗಳಲ್ಲಿ 75 ಲೋಡು, ಸಾವಿರ ಕಿಲೋಮೀಟರಿಗೂ ಆಚೆಯಿಂದ. ಒಂದು ಸಣ್ಣ ಪುರಸಭೆಯ ಲೆಕ್ಕಪತ್ರದಲ್ಲಿ ಇದನ್ನು ಇಟ್ಟು ನೋಡಿ. ಹಣ ಸಾಲದಾದಾಗ ಹತ್ತು ಎಂಬುದು ಐದಾಗುತ್ತದೆ, ಐದು ಕಾಗದದಲ್ಲಷ್ಟೇ ಉಳಿಯುತ್ತದೆ.

ಖರ್ಚಿಗಿಂತ ದೊಡ್ಡ ತಕರಾರು ಇನ್ನೊಂದಿದೆ. ಪ್ರಯೋಗಾಲಯದಲ್ಲಿ ಬೆಂಟೊನೈಟ್ ಮಿಶ್ರಣವನ್ನು ಸಾಮಾನ್ಯವಾಗಿ ಶುದ್ಧ ನೀರಿನಿಂದ ಪರೀಕ್ಷಿಸುತ್ತಾರೆ. ಹೊಂಡದಲ್ಲಿ ಅದು ಎದುರಿಸಬೇಕಾದದ್ದು ಕಸದ ರಸ. ನಮ್ಮ ಊರುಗಳ ಕಸದಲ್ಲಿ ಅನ್ನ, ತರಕಾರಿ, ಹಣ್ಣಿನ ಸಿಪ್ಪೆಯ ಪಾಲೇ ಹೆಚ್ಚು. ಕೊಳೆತು ಇಳಿಯುವ ರಸದಲ್ಲಿ ಅಮೋನಿಯಂ, ಕ್ಯಾಲ್ಸಿಯಂ, ಕ್ಲೋರೈಡ್, ಹುಳಿ ಆಮ್ಲಗಳೆಲ್ಲ ಇರುತ್ತವೆ. ಬೆಂಟೊನೈಟ್ ಅಷ್ಟು ಉಬ್ಬುವುದು ಅದರ ಪದರಗಳ ನಡುವೆ ಸೋಡಿಯಂ ಇರುವುದರಿಂದ. ಕ್ಯಾಲ್ಸಿಯಂ ಬಂದು ಸೋಡಿಯಮ್ಮಿನ ಜಾಗ ಹಿಡಿದರೆ ಉಬ್ಬು ಇಳಿಯುತ್ತದೆ, ಸಂದು ಬಾಯ್ದೆರೆಯುತ್ತದೆ. ನೀರಿನೆದುರು ಗೆದ್ದ ಮಣ್ಣು ರಸದೆದುರು ಸೋಲುವುದು ಹೀಗೆ.

ಸೋಡಿಯಂ ಮಣ್ಣಿನ ಈ ಸಂದು ಮುಚ್ಚುವ ಗುಣ ನಮ್ಮ ಹಿರಿಯರಿಗೆ ಬೇರೆ ಹೆಸರಿನಲ್ಲಿ ಗೊತ್ತಿತ್ತು. ಬಯಲುಸೀಮೆಯ ಮಣ್ಣಿನ ಮಾಳಿಗೆಗಳ ಮೇಲೆ ಸವಳು ಮಣ್ಣು ಹರಡುತ್ತಿದ್ದರು. ಬೆಳೆಗೆ ಶತ್ರುವಾದ ಆ ಮಣ್ಣು ಮಳೆನೀರು ತಾಗಿದೊಡನೆ ಬಿಡಿಬಿಡಿಯಾಗಿ ಕದಡಿ ಸಣ್ಣ ರಂಧ್ರಗಳನ್ನೆಲ್ಲ ತುಂಬಿ ಕೂರುತ್ತದೆ. ಮಿರಗದ ಮಳೆ ಕೂಡುವ ಮುಂಚೆ ಮಾಳಿಗೆ ಹತ್ತಿ ಬಿರುಕು ನೋಡಿ, ಹೊಸ ಮಣ್ಣು ಎಳೆದು ತುಳಿಯುವುದು ವರ್ಷದ ಕೆಲಸಗಳಲ್ಲೊಂದು. ಆ ಕೆಲಸ ತಪ್ಪಿದ ಮನೆಯ ಗತಿಯನ್ನು ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫರು ತತ್ವಪದವಾಗಿಸಿದ್ದಾರೆ. ಈ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮಾಳಿಗೆಗೂ ಕಸದ ಹೊಂಡಕ್ಕೂ ಇರುವ ಅಂತರ ಇಲ್ಲಿದೆ: ಮಾಳಿಗೆಯ ಮೇಲೆ ಬೀಳುವುದು ಬರೀ ಮಳೆನೀರು, ಮತ್ತು ಅದನ್ನು ವರ್ಷವರ್ಷ ದುರಸ್ತಿ ಮಾಡಬಹುದು. ಹತ್ತು ಮೀಟರ್ ಕಸದಡಿಯ ತಳಹಾಸಿಗೆ, ಎಂದರೆ ಲೈನರಿಗೆ, ಯಾರೂ ಮತ್ತೆ ಮಣ್ಣು ಎಳೆಯಲಾರರು.

ಈಗ ಎರೆ. ಅದರ ದೋಷ ರಂಧ್ರವಲ್ಲ, ಬಿರುಕು. ಎರೆಯಲ್ಲಿರುವುದೂ ಮಾಂಟ್‌ಮೊರಿಲೊನೈಟೇ, ಆದರೆ ಬಹುತೇಕ ಕ್ಯಾಲ್ಸಿಯಂ ಹಿಡಿದದ್ದು. ಎರೆಹೊಲದಲ್ಲಿ ಸಿಗುವ ಸುಣ್ಣದ ಹರಳುಗಳೇ ಅದಕ್ಕೆ ಸಾಕ್ಷಿ. ಆದ್ದರಿಂದ ಬೆಂಟೊನೈಟಿನಷ್ಟು ಉಬ್ಬುವುದಿಲ್ಲ. ಅದೇ ಕಾರಣಕ್ಕೆ ಕಸದ ರಸದ ಕ್ಯಾಲ್ಸಿಯಂ ಬಂದಾಗ ಕಳೆದುಕೊಳ್ಳುವುದೂ ಕಡಿಮೆ. ಅಮೋನಿಯಂ, ಸೀಸ, ಸತುವಿನಂಥವನ್ನು ಮೈಗೆ ಅಂಟಿಸಿಕೊಳ್ಳುವ ಶಕ್ತಿಯಲ್ಲಿ ಮಾಂಟ್‌ಮೊರಿಲೊನೈಟ್ ಕೆಯೊಲಿನೈಟಿಗಿಂತ ಹಲವು ಪಟ್ಟು ಮುಂದು. ಇಷ್ಟೆಲ್ಲ ಒಳ್ಳೆಯ ಗುಣವಿರುವ ಮಣ್ಣು ಒಂದು ಬೇಸಿಗೆಗೆ ಸೋಲುತ್ತದೆ. ಏಪ್ರಿಲ್ ತಿಂಗಳಲ್ಲಿ ಸವಣೂರಿನ ಎರೆಹೊಲದ ಬಿರುಕಿಗೆ ಬಾರಕೋಲು ಇಳಿಬಿಟ್ಟು ನೋಡಿದವರಿಗೆ 90 ಸೆಂ.ಮೀ. ಎಂಬ ಅಂಕೆ ಎಷ್ಟು ಚಿಕ್ಕದೆಂದು ತಿಳಿಯುತ್ತದೆ.

ಹೊಂಡದ ತಳಕ್ಕೆ ಬಿಸಿಲು ತಾಗುವುದೆಲ್ಲಿ, ಮೇಲೆ ಕಸ ಇರುತ್ತದಲ್ಲ ಎಂದು ಕೇಳಬಹುದು. ಸಣ್ಣ ಊರಿನ ಲೆಕ್ಕ ಬೇರೆ. ಹಸಿ ಕಸವನ್ನು ಗೊಬ್ಬರಕ್ಕೂ ಒಣ ಕಸವನ್ನು ಮರುಬಳಕೆಗೂ ಕಳಿಸಿ, ದಿನಕ್ಕೆ 3 ಟನ್ ಮಾತ್ರ ಹೂಳಲು ಉಳಿಯಿತು ಎಂದುಕೊಳ್ಳೋಣ. ವರ್ಷಕ್ಕೆ ಸುಮಾರು 1,100 ಟನ್, ಅದುಮಿದರೆ 1,400 ಘನ ಮೀಟರಿನ ಆಸುಪಾಸು. ಒಂದು ಹೆಕ್ಟೇರಿನ ತಳದ ಮೇಲೆ ಹರಡಿದರೆ ವರ್ಷಕ್ಕೆ 14 ಸೆಂಟಿಮೀಟರ್. ಮೊದಲ ಒಂದು ಮೀಟರ್ ಕಸ ಏರಲು ಏಳು ವರ್ಷ ಬೇಕು! ಅಷ್ಟು ಬೇಸಿಗೆಗಳ ಕಾಲ ತಳದ ಬಹುಭಾಗ ಕಪ್ಪು ಹಾಳೆಯಡಿ ಕಾಯುತ್ತಿರುತ್ತದೆ. ಬಿಸಿಲಿಗೆ ಕಾದ ಹಾಳೆ ಅಡಿಯ ಮಣ್ಣಿನ ತೇವವನ್ನು ಹೊರಡಿಸುತ್ತದೆ, ಹಾಳೆಯಡಿಯಲ್ಲೇ ಮಣ್ಣು ಬಿರಿಯುತ್ತದೆ, ಮೇಲಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಒಮ್ಮೆಗೇ ಇಡೀ ಹೊಂಡ ಕಟ್ಟದೆ ಕೋಣೆ ಕೋಣೆಯಾಗಿ ಕಟ್ಟಿ ತುಂಬುತ್ತ ಹೋಗುವುದು ಇದಕ್ಕೆ ಮೊದಲ ಮದ್ದು. ಯಾವ ಖನಿಜ ಬೆರೆಸುವುದಕ್ಕಿಂತಲೂ ಇದು ಅಗ್ಗ.

ಎರಡನೆಯ ಮದ್ದು ಬೆರಕೆ. ಇದನ್ನು ಕುಂಬಾರರೂ, ಒಲೆ ಹಾಕುವ ಹೆಣ್ಣುಮಕ್ಕಳೂ ಎಂದಿನಿಂದಲೋ ಮಾಡುತ್ತ ಬಂದಿದ್ದಾರೆ. ಬರೀ ಜೇಡಿಯಲ್ಲಿ ಮಾಡಿದ ಗಡಿಗೆ ಒಣಗುವಾಗಲೇ ಸೀಳುತ್ತದೆ ಎಂದು ಮರಳೋ ಬೂದಿಯೋ ಲದ್ದಿಯೋ ಸೇರಿಸುತ್ತಾರೆ. ಒಲೆಯ ಮಣ್ಣಿಗೆ ಹೊಟ್ಟು ಕಲೆಸುತ್ತಾರೆ. ಒರಟು ಕಣಗಳು ಒಂದಕ್ಕೊಂದು ಒತ್ತಿ ನಿಂತಾಗ ಜೇಡಿ ಕುಗ್ಗಲು ಹೋದರೂ ಇಡೀ ಮೈ ಕುಗ್ಗುವುದಿಲ್ಲ. ಅಮೆರಿಕದ ಟೆಕ್ಸಾಸಿನ ಒಣಸೀಮೆಯ ಹೊಂಡಗಳಿಗಾಗಿ ಡೇವಿಡ್ ಡೇನಿಯಲ್ ಮತ್ತು ವೂ 1993ರಲ್ಲಿ ಇದನ್ನೇ ಅಳತೆಗಿಳಿಸಿದರು: ಒಣಗಿದಾಗ ಮಣ್ಣಿನ ಗಾತ್ರ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಕುಗ್ಗಬಾರದು. ನೀರಿಳಿಯುವ ವೇಗ, ಬಲ, ಕುಗ್ಗುವಿಕೆ ಮೂರೂ ಒಟ್ಟಿಗೆ ಗೆರೆಯೊಳಗೆ ಬರುವ ತೇವದ ವ್ಯಾಪ್ತಿಯನ್ನು ಹುಡುಕಬೇಕು ಎಂಬುದು ಅವರ ಪದ್ಧತಿ. ಜೇಡಿ ಸೇರಿದ ಮರಳುಮಣ್ಣು ಅದಕ್ಕೆ ಬಹಳ ಅನುಕೂಲ ಎಂದರು. ನಮ್ಮ 2016ರ ನಿಯಮದಲ್ಲಿ ಮೊದಲನೆಯ ಗೆರೆ ಮಾತ್ರ ಇತ್ತು, ಕುಗ್ಗುವಿಕೆಯ ಗೆರೆ ಇರಲಿಲ್ಲ. ಬಯಲುಸೀಮೆಯ ಹೊಂಡಕ್ಕೆ ಈ ಕೊರತೆ ಸಣ್ಣದಲ್ಲ.

ಇಲ್ಲಿ ಸುಣ್ಣದ ಬಗ್ಗೆ ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕು. ಎರೆ ಎಂದೊಡನೆ ನಮ್ಮ ಎಂಜಿನಿಯರುಗಳ ಕೈ ಸುಣ್ಣದ ಚೀಲಕ್ಕೆ ಹೋಗುತ್ತದೆ. ರಸ್ತೆಯ ಅನುಭವ ಅದು. ಎರೆನೆಲದ ಮೇಲೆ ರಸ್ತೆ ಹಾಕುವಾಗ ನೂರಕ್ಕೆ ಮೂರು ನಾಲ್ಕು ಪಾಲು ಸುಣ್ಣ ಬೆರೆಸಿದರೆ ಮಣ್ಣು ಉಬ್ಬುವುದು ನಿಲ್ಲುತ್ತದೆ, ಬಲ ಬರುತ್ತದೆ. ಆದರೆ ಸುಣ್ಣ ಮೊದಲು ಮಾಡುವ ಕೆಲಸ ಜೇಡಿಯ ಸಣ್ಣ ಕಣಗಳನ್ನು ಒಟ್ಟುಗೂಡಿಸಿ ಹರಳು ಹರಳಾಗಿಸುವುದು. ಹರಳುಗಳ ನಡುವೆ ದಾರಿಯಾಗುತ್ತದೆ, ನೀರು ಮೊದಲಿಗಿಂತ ಸಲೀಸಾಗಿ ಇಳಿಯುತ್ತದೆ. ವಾರ ತಿಂಗಳುಗಳು ಕಳೆದು ಸುಣ್ಣ ಮತ್ತು ಜೇಡಿಯ ನಡುವೆ ಸಿಮೆಂಟಿನಂಥ ಕಟ್ಟು ಬೆಳೆದ ಮೇಲೆ ಆ ದಾರಿಗಳು ಭಾಗಶಃ ಮುಚ್ಚಬಹುದು. ಅಷ್ಟು ದಿನ ತೇವ ಆರದಂತೆ ಕಾಯ್ದರೆ ಮಾತ್ರ. ಆ ಕಟ್ಟು ಬೆಳೆದ ಮಣ್ಣು ಪೆಡಸಾಗುತ್ತದೆ. ಕಸದ ಭಾರಕ್ಕೆ ತಳ ಒಂದಿಷ್ಟು ಕುಸಿದರೆ ಬಗ್ಗದೆ ಸೀಳುತ್ತದೆ. ರಸ್ತೆಗೆ ಬೇಕಾದದ್ದು ಬಲ, ಹೊಂಡದ ತಳಕ್ಕೆ ಬೇಕಾದದ್ದು ಬಿಗಿ ಮತ್ತು ಮಿದುತನ. ಒಂದರ ಔಷಧಿಯನ್ನು ಇನ್ನೊಂದಕ್ಕೆ ಕುಡಿಸಿ, ಬಲದ ಪರೀಕ್ಷೆಯಲ್ಲಿ ಅಂಕ ಹೆಚ್ಚು ಬಂತೆಂದು ಬರೆದರೆ ಅದನ್ನು ಸುಧಾರಣೆ ಎನ್ನಲಾರೆ.

ಹಾರುಬೂದಿಯ ವಿಷಯವೂ ಇದಕ್ಕೆ ಹತ್ತಿರ. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ವಿದ್ಯುತ್ ಸ್ಥಾವರಗಳ ಬೂದಿ ನಮಗೆ ಕಚ್ಛ್‌ಗಿಂತ ಹತ್ತಿರ. ಅದು ಎರೆಯ ಕುಗ್ಗುವಿಕೆಯನ್ನು ತಗ್ಗಿಸುತ್ತದೆ, ನಿಜ. ಆದರೆ ಬೂದಿಯ ಕಣ ಜೇಡಿಯಷ್ಟು ಸಣ್ಣದಲ್ಲ, ಅದಕ್ಕೆ ಅಂಟಿಲ್ಲ; ಪ್ರಮಾಣ ಮೀರಿದರೆ ಸೋರಿಕೆ ಏರುತ್ತದೆ, ಅದರೊಳಗಿನ ಲೋಹಗಳು ತಾವೇ ಇಳಿಯತೊಡಗುತ್ತವೆ. ಹಾನಗಲ್ಲ ಸೀಮೆಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿಯನ್ನು ಬೆರೆಸುವ ಮಾತೂ ಕೇಳಿಬರುತ್ತದೆ. ಸಿಲಿಕಾ ತುಂಬಿದ ಹಗುರ ಬೂದಿ ಅದು, ಸುಣ್ಣದ ಜೊತೆಗೆ ಕಟ್ಟು ಕೊಡುತ್ತದೆ. ಆದರೆ ಮಿಶ್ರಣದ ಸಾಂದ್ರತೆಯನ್ನು ಇಳಿಸುತ್ತದೆ, ನೀರು ಹೆಚ್ಚು ಬೇಡುತ್ತದೆ. ಊರಲ್ಲಿ ಬೀಳುವ ಬೂದಿಗೆ ಒಂದು ದಾರಿಯಾಯಿತು ಎಂಬ ಸಂತೋಷವನ್ನು ಲೈನರ್ ಚೆನ್ನಾಗಾಯಿತು ಎಂಬ ತೀರ್ಮಾನದೊಂದಿಗೆ ಬೆರೆಸಬಾರದು. ಬೆರಕೆಗೆ ಹೇಳುವ ಇನ್ನೊಂದು ಖನಿಜ ಜಿಯೊಲೈಟ್ ಅಮೋನಿಯಂ ಹಿಡಿಯುವುದರಲ್ಲಿ ಗಟ್ಟಿಗ. ನಾಲ್ಕು ಸಣ್ಣ ಊರುಗಳಿಗೆ ಅದರ ಮಾತು ಸದ್ಯಕ್ಕೆ ದೂರದ್ದು.

ಹಾಗಾದರೆ ಏನು ಬೆರೆಸಬೇಕು? ನನ್ನ ಉತ್ತರ ಈ ನಾಲ್ಕು ತಾಲೂಕುಗಳ ನೆಲದಲ್ಲೇ ಇದೆ. ಮಸಾರಿಯ ದೋಷ ರಂಧ್ರ, ಎರೆಯ ದೋಷ ಬಿರುಕು. ಮಸಾರಿಯ ಮರಳು ಎರೆಯ ಬಿರುಕನ್ನು ತಡೆಯುತ್ತದೆ, ಎರೆಯ ಜೇಡಿ ಮಸಾರಿಯ ರಂಧ್ರವನ್ನು ಮುಚ್ಚುತ್ತದೆ. ಎರೆಯಲ್ಲಿ ಜೇಡಿಯ ಪಾಲು ಅರ್ಧದ ಆಸುಪಾಸು ಇರುವುದರಿಂದ ಬೆಂಟೊನೈಟಿಗಿಂತ ಹೆಚ್ಚು ಬೇಕಾಗುತ್ತದೆ. ಮೂರರಲ್ಲೊಂದು ಪಾಲು ಎಂದು ಹಿಡಿದರೆ ಹೆಕ್ಟೇರಿಗೆ 5,000 ಟನ್, ಹತ್ತು ಟನ್ನಿನ ಟಿಪ್ಪರುಗಳಲ್ಲಿ 500 ಲೋಡು. ಸಂಖ್ಯೆ ದೊಡ್ಡದು, ದೂರ ಸಣ್ಣದು. ಪ್ರಯೋಗದಲ್ಲಿ ಬಿಗಿ ಸಾಲದಾದರೆ ಆಗ ನೂರಕ್ಕೆ ಎರಡು ಮೂರು ಪಾಲು ಬೆಂಟೊನೈಟ್ ಮೇಲೋಗರವಾಗಿ ಸೇರಿಸಬಹುದು. ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳು ಸೇರಿ ಒಂದೇ ಹೊಂಡ ಕಟ್ಟಿಕೊಳ್ಳಲು 2016ರ ನಿಯಮವೇ ಹೇಳಿತ್ತು. ಆ ಹೊಂಡ ಗಟ್ಟಿ ಮಸಾರಿ ನೆಲದ ಮೇಲಿರಲಿ, ಎರೆ ಅಲ್ಲಿಗೆ ಬರಲಿ. ಎರೆನೆಲದ ಮೇಲೆಯೇ ಕಟ್ಟಿದರೆ ಅಡಿಯ ನೆಲವೂ ಉಬ್ಬುತ್ತ ಕುಗ್ಗುತ್ತ ಇರುತ್ತದೆ.

ಆದರೆ ಯಾರ ಎರೆ? ಹೊಲದ ಮೇಲ್ಮಣ್ಣು ಕೆರೆದು ಕಸದಡಿ ಹಾಸುವುದನ್ನು ನಾನು ಒಪ್ಪಲಾರೆ. ಕೆರೆಯ ಹೂಳು ಹೊಲಕ್ಕೆ ಹೋಗುವುದು ನಮ್ಮ ಕಡೆಯ ಹಳೆಯ ನ್ಯಾಯ, ಅದನ್ನೂ ಮುರಿಯಬಾರದು. ಹೂಳಿನಲ್ಲಿ ಕೊಳೆತ ಎಲೆಕಡ್ಡಿಯ ಅಂಶ ಹೆಚ್ಚಿರುವುದರಿಂದ ಲೈನರಿಗೆ ಅದು ಅಷ್ಟು ಒಳ್ಳೆಯದೂ ಅಲ್ಲ. ಕಾಲುವೆ ತೋಡಿದಾಗ, ಹೆದ್ದಾರಿ ಅಗಲಿಸಿದಾಗ, ಕಟ್ಟಡಗಳ ಬುನಾದಿ ತೆಗೆದಾಗ ಆಳದಿಂದ ಬಂದು ದಿಬ್ಬವಾಗಿ ಬಿದ್ದಿರುವ ಎರೆ ಇದಕ್ಕೆ ತಕ್ಕದ್ದು. ಅಲ್ಲಿ ಬೇರಿಲ್ಲ, ಗೊಬ್ಬರವಿಲ್ಲ, ಯಾರ ಪೈರೂ ಅದನ್ನು ಕಾಯುತ್ತಿಲ್ಲ.

ಬೆರೆಸುವುದು ಹೇಳಿದಷ್ಟು ಸುಲಭವಲ್ಲ. ಒಣಗಿದ ಎರೆ ಕಲ್ಲು, ಹಸಿ ಎರೆ ಅಂಟು. ಗಳೆ ಹೂಡಲು ರೈತ ಹದ ಕಾಯುವ ಹಾಗೆ ಇಲ್ಲೂ ಹದ ಕಾಯಬೇಕು. ಹೆಂಟೆಗಳನ್ನು ಒಡೆದು ಸಣ್ಣದು ಮಾಡಿ ಬೆರೆಸಿ, ಗರಿಷ್ಠ ಸಾಂದ್ರತೆಗೆ ಬೇಕಾದ ತೇವಕ್ಕಿಂತ ನೂರಕ್ಕೆ ಎರಡು ಮೂರು ಪಾಲು ಹೆಚ್ಚು ಹಸಿಯಾಗಿ ತುಳಿದಾಗಲೇ ಹೆಂಟೆಗಳು ಒಂದರೊಳಗೊಂದು ಮಿದ್ದು ಹೋಗಿ ನಡುವಣ ಸಂದು ಕರಗುತ್ತದೆ. ಮುಳ್ಳುಗಾಲಿನ ರೋಲರ್ ಬೇಕು, 15 ಸೆಂಟಿಮೀಟರಿನ ಆರು ಪದರ ಬೇಕು, ಪ್ರತಿ ಪದರವನ್ನು ಗೀರಿ ಮುಂದಿನದನ್ನು ಕೂಡಿಸಬೇಕು. ಪ್ರಯೋಗಾಲಯದ ಅಚ್ಚಿನಲ್ಲಿ ಕಂಡ ವೇಗಕ್ಕಿಂತ ಕಟ್ಟಿದ ತಳದಲ್ಲಿ ಸೋರಿಕೆ ಹತ್ತರಿಂದ ಸಾವಿರ ಪಟ್ಟು ಹೆಚ್ಚಿರುವುದನ್ನು ಇದೇ ಡೇನಿಯಲ್ 1984ರಲ್ಲಿ ತೋರಿಸಿಕೊಟ್ಟಿದ್ದಾರೆ. ಬೆರಕೆಯ ಪ್ರಮಾಣವನ್ನು ನೂರಕ್ಕೆ ಹತ್ತೋ ಹನ್ನೆರಡೋ ಎಂದು ಪ್ರಯೋಗಾಲಯದಲ್ಲಿ ಚರ್ಚಿಸುವ ಶ್ರಮದ ಅರ್ಧದಷ್ಟಾದರೂ ರೋಲರ್ ಓಡುವ ದಿನ ಸ್ಥಳದಲ್ಲಿ ನಿಲ್ಲಲು ಬೇಕು.

ಮಣ್ಣಿನ ಮೇಲೆ ಏನು ಬೀಳುತ್ತದೆ, ಅದನ್ನು ಯಾರು ಮುಟ್ಟುತ್ತಾರೆ ಎಂಬುದನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ಸವಣೂರಿನ ಭಂಗಿ ಸಮುದಾಯದವರು 2010ರ ಜುಲೈಯಲ್ಲಿ ತಮ್ಮ ಮನೆ ತೆರವುಗೊಳಿಸುವುದನ್ನು ವಿರೋಧಿಸಿ, ಪುರಸಭೆ ಕಚೇರಿಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತದ್ದನ್ನು ನಾಡು ನೋಡಿದೆ. ಊರಿನ ಹೊಲಸನ್ನು ತಲೆಮಾರುಗಳಿಂದ ಹೊತ್ತವರು ಅವರು. ಲೈನರ್ ಕುರಿತ ಬರಹಗಳಲ್ಲಿ ಕೆಳಗಿನ ನೀರಿನ ಮಾತಿರುತ್ತದೆ, ಮೇಲಿನ ಮನುಷ್ಯರ ಮಾತಿರುವುದಿಲ್ಲ. ಮನೆಯಲ್ಲೇ ಬೇರ್ಪಡದ ಕಸವನ್ನು ಯಾರೋ ಕೈಯಿಂದ ಬೇರ್ಪಡಿಸಬೇಕು. ಬೇರ್ಪಡಿಸದಿದ್ದರೆ ರಸದ ಕಟುತನ ಏರಿ ತಳದ ಮಣ್ಣನ್ನು ಮುರಿಯುತ್ತದೆ. 2012ರಲ್ಲಿ ಮುಚ್ಚಿದ ಮಾವಳ್ಳಿಪುರ, 2014ರಲ್ಲಿ ಮುಚ್ಚಿದ ಮಂಡೂರು ಕಸದ ಗುಡ್ಡೆಗಳ ಸುತ್ತಲಿನ ಹಳ್ಳಿಗಳು ಬೆಂಗಳೂರಿನ ಮಿಶ್ರ ಕಸದ ರಸವನ್ನು ಕಂಡಿವೆ. ಹಸಿ ಕಸ ಹೊಂಡಕ್ಕೆ ಬರುವುದು ನಿಂತಷ್ಟೂ ಬೆರಕೆಯ ಮಣ್ಣಿನ ಮೇಲಿನ ಹೊರೆ ಇಳಿಯುತ್ತದೆ.

ಇಷ್ಟಾಗಿ ನಾನು ಕೇಳುವ ಪರೀಕ್ಷೆ ದೊಡ್ಡದೇನಲ್ಲ. ಹೊಂಡ ಕಟ್ಟುವ ಮುಂಚೆ ಅದೇ ಜಾಗದಲ್ಲಿ, ಅದೇ ರೋಲರಿನಿಂದ, ಅದೇ ಬೆರಕೆಯ ಒಂದು ತುಂಡು ತಳ ಕಟ್ಟಲಿ. ಹತ್ತು ಹದಿನೈದು ಮೀಟರ್ ಉದ್ದಗಲ ಸಾಕು. ಅದರಡಿ ಇಳಿದದ್ದನ್ನು ಹಿಡಿಯಲು ಜಲ್ಲಿಯ ಪದರವೂ ಕೊಳವೆಯೂ ಇರಲಿ. ಪಕ್ಕದಲ್ಲಿ ಬರೀ ಎರೆಯದೊಂದು, ಸುಣ್ಣ ಬೆರೆಸಿದ್ದೊಂದು, ಬೆಂಟೊನೈಟಿನದೊಂದು. ಯುಗಾದಿಗೆ ಮುಂಚೆ ಕಟ್ಟಿ, ಅರ್ಧಕ್ಕೆ ಕಪ್ಪು ಹಾಳೆ ಹೊದಿಸಿ ಅರ್ಧವನ್ನು ಬಯಲಿಗೆ ಬಿಟ್ಟು, ಮಿರಗದವರೆಗೆ ಬಿಸಿಲಿಗೆ ಒಡ್ಡಲಿ. ಮಳೆ ಕೂಡುವ ಮುಂಚೆ ಹಾಳೆ ಎತ್ತಿ ಬಿರುಕುಗಳ ಅಗಲ, ಆಳ ಬರೆದಿಡಲಿ. ಆಮೇಲೆ ಅವುಗಳ ಮೇಲೆ ಪ್ರಯೋಗಾಲಯದ ನೀರಿಗೆ ಬದಲಾಗಿ ಆ ಊರಿನ ಕಸದ ಗುಡ್ಡೆಯಿಂದಲೇ ಬಸಿದ ರಸವನ್ನು ನಿಲ್ಲಿಸಿ, ಕೊಳವೆಯ ಬಾಯಿಗೆ ಇಟ್ಟ ಕೊಡದಲ್ಲಿ ದಿನಕ್ಕೆಷ್ಟು ಬಿತ್ತು ಎಂದು ಅಳೆಯಲಿ.